ಆಯಿ ಕಥಿಗಿ ಮಾರ್ಕ್ಸ್ ಕಡಿಮಿ ಯಾಕ?

ಅಕ್ಕಗೋಳೇ, ತಂಗಿಗೋಳೇ, ಹೋದ ಸಲ ಪುಂಡಿಪಲ್ಯದ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲ ಅಡಗಿ ಮಾತಿಲ್ಲ, ಜಗಳದ ಮಾತು ಅದ. ಓದಿ ಯಾರಿಗರೆ ಸಿಟ್ಟು ಬಂದ್ರ ಮನಿಗಿ ಬಂದು ಬೈರಿ. ಚಹಾ ಕುಡಿಸೇ ಕಳಸ್ತೀನಿ.

ಆಗಿದ್ದು ಏನಂದ್ರ, ನಮ್ಮ ಮಗ್ಗಲ ಮನಿ ಹುಡುಗಿ ನಾಲ್ಕನೇತ್ತ ಓದ್ಲತ್ತದ. ಅಕಿ ಶಾಲ್ಯಾಗ ಕಥಿ ಹೇಳೋ ಸ್ಪರ್ಧೆ ಇಟ್ಟಿದ್ರು. ಯಾವ ಶಾಲಿ ಅಂತ ಕೇಳಬ್ಯಾಡ್ರಿ, ಹೆಸರು ಹೇಳಿ ಜಗಳ ತಗಿಯೋದು ನನಗ ಬೇಕಾಗಿಲ್ಲ. ಈ ಹುಡುಗಿ ತಮ್ಮ ಆಯಿ ಹತ್ರ ಕಲ್ತ ಕಾಗಿ-ಗುಬ್ಬಿ ಕಥಿ ಹೇಳಿತು. ಕಾಗಿದು ಸೆಗಣಿ ಮನಿ, ಗುಬ್ಬಿದು ಕಲ್ಲಿನ ಮನಿ, ಮಳಿ ಬಂತು, ಕಾಗಿ ಮನಿ ಹರದು ಹೋಯ್ತು. ನಮ್ಮ ಮಾತಿನಾಗೇ, ಕೈ ತಿರುವಿ, ದನಿ ಬದಲಿ ಮಾಡಿ, ಛಂದಾಗಿ ಹೇಳಿತು. ಇನ್ನೊಂದು ಹುಡುಗಿ ಇಂಗ್ಲಿಷಿನಾಗ ಕಡ್ಡಿಪೆಟ್ಟಿಗಿ ಮಾರೋ ಹುಡುಗಿ ಕಥಿ ಹೇಳಿತು. ಬಹುಮಾನ ಅಕಿಗಿ ಬಂತು. ಬರಲಿ, ಆ ಕೂಸೂ ನಮ್ಮ ಕೂಸೇ. ನನ್ನ ಸಿಟ್ಟು ಬಹುಮಾನದ ಮ್ಯಾಲಿಲ್ಲ. ನಮ್ಮ ಹುಡುಗಿಗಿ ಅವರು ಹೇಳಿದ ಮಾತಿನ ಮ್ಯಾಲ ಅದ. "ಭಾಷೆ ಶುದ್ಧ ಇಲ್ಲ, ಕಥೆ ಹಳ್ಳಿಯದು, ಮುಂದಿನ ಸಲ ಪುಸ್ತಕದ ಕಥೆ ಹೇಳು" ಅಂದ್ರಂತ.

ಹುಡುಗಿ ಮನಿಗಿ ಬಂದು ಆಯಿಗಿ ಅಂತು, "ಆಯಿ, ನಿನ್ನ ಕಥಿ ಬ್ಯಾಡ, ಪುಸ್ತಕದ್ದು ಬೇಕಂತ." ನಾ ಆಗ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ. ಆಯಿ ಮರದಾಗ ತೊಗರಿಬ್ಯಾಳಿ ಹಸನ ಮಾಡ್ಲತ್ತಿದ್ಳು. ನಕ್ಕಳು. ಆದ್ರ ಕೈ ನಿಂತಿತು.

ಅವತ್ತು ರಾತ್ರಿ ನನಗ ನಿದ್ದಿ ಬರಲಿಲ್ಲ. ಆ ಪುಸ್ತಕದ ಕಥಿ ಎಲ್ಲಿಂದ ಬಂತು ಅಂತ ತಿಳಕೋಬೇಕು ಅನಿಸ್ತು. ನಾ ಪಿಯುಸಿ ತನಕ ಓದಿದಾಕಿ, ಇಂಗ್ಲಿಷ್ ತಡವರಿಸಿ ಓದ್ತೀನಿ. ಹೈದರಾಬಾದಿನಾಗ ಇರೋ ಮಗಗ ಹೇಳಿ ಪುಸ್ತಕ ತರ್ಸಿದೆ, ತಿಳೀಲಾರದ್ದು ಸೊಸಿ ಕಡಿಂದ ಹೇಳಿಸ್ಕೊಂಡೆ. ಓದಿದ ಮ್ಯಾಲ ಗೊತ್ತಾಯ್ತು, ಆ ಕಥಿನೂ ಆಯಿಗೋಳ ಕಥಿಗಳ ಮನಿತನದ್ದೇ!

ಕಡ್ಡಿಪೆಟ್ಟಿಗಿ ಹುಡುಗಿ ಕಥಿ ಬರದಾಂವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್, ಡೆನ್ಮಾರ್ಕ್ ದೇಶದಾಂವ. 1805ರಾಗ ಓಡೆನ್ಸ ಅನ್ನೋ ಊರಾಗ ಹುಟ್ಟಿದ. ಅಪ್ಪ ಚಪ್ಪಲಿ ಹೊಲಿಯಾಂವ, ಅವ್ವ ಮಂದಿ ಬಟ್ಟಿ ಒಗಿಯಾಕಿ. ಅವರ ಆಯಿ ಊರ ದವಾಖಾನಿ ತ್ವಾಟದಾಗ ಕೆಲಸ ಮಾಡ್ತಿದ್ಳು. ಹುಡುಗ ಆಯಿ ಬೆನ್ನ ಹತ್ತಿ ಹೋಗ್ತಿದ್ದ. ಅಲ್ಲಿ ಗತಿಯಿಲ್ಲದ ಮುದಕೇರು ನೂಲು ತಗೀತಾ ಕುಂತು ಇವಗ ಕಥಿ ಹೇಳ್ತಿದ್ರು. 1835ರಾಗ ತಂದ ಮೊದಲ್ನೇ ಸಣ್ಣ ಪುಸ್ತಕದಾಗ ಅಂವ ಹಾಕಿದ್ದರಾಗ ಹೆಚ್ಚಿನವು ಸಣ್ಣಾಂವ ಇದ್ದಾಗ ಕೇಳಿದ ಕಥಿಗಳೇ. ಇವತ್ತು ಅಂವ ಹುಟ್ಟಿದ ದಿನ, ಏಪ್ರಿಲ್ 2, ದುನಿಯಾಕ್ಕೆಲ್ಲಾ ಮಕ್ಕಳ ಪುಸ್ತಕದ ದಿನ ಆಗ್ಯದ.

ಇನ್ನ ಮುಂದಿಂದು ಕೇಳ್ರಿ. ಆ ಪುಸ್ತಕ ಬಂದಾಗ ಅಲ್ಲಿ ಓದಿದ ಮಂದಿ ಏನಂದ್ರು ಗೊತ್ತದೇನು? "ಇಂವ ಮಾತಾಡಿದಂಗ ಬರದಾನ, ಇದು ಬರಿಯೋ ಭಾಷೆ ಅಲ್ಲ" ಅಂತ ತಪ್ಪು ತಗದ್ರು. ಅಂದ್ರ ನಮ್ಮ ಹುಡುಗಿಗಿ ಈಗ ಅಂದ ಮಾತೇ ಅಂವಗೂ ಅಂದಿದ್ರು! ಅಂವ ಕೇಳಿದ್ದಿದ್ರ ಇವತ್ತು ನೀವು ಶುದ್ಧ ಅಂತ ಹೇಳೋ ಆ ಕಥಿನೇ ಇರ್ತಿದ್ದಿಲ್ಲ.

ಇನ್ನೊಬ್ಬಾಂವ ಇದ್ದ, ಇವಾಲ್ ಟಾಂಗ್ ಕ್ರಿಸ್ಟೆನ್ಸನ್ ಅಂತ. 1843ರಾಗ ಹುಟ್ಟಿ 1929ರಾಗ ತೀರಿಕೊಂಡ. ಹಳ್ಳಿ ಶಾಲಿ ಮಾಸ್ತರ. ಆ ದೇಶದ ಯೂಟ್‌ಲೆಂಡ್ ಅನ್ನೋ ಕಡಿ ಬರೀ ಕುರುಚಲು ಬೆಳಿಯೋ ಬಡ ಬಯಲಿತ್ತು. ಆ ಬಯಲಾಗ ನಡಕೋತ ಹೋಗಿ, ಬಡವರ ಗುಡಿಸಲಾಗ ಕುಂತು, ಮುದಕ-ಮುದಕೇರು ಹೇಳಿದ ಕಥಿ, ಹಾಡು ಸಾವಿರಗಟ್ಲೆ ಬರಕೊಂಡ. ಬರಕೊಂಡಿದ್ದಲ್ಲದೆ ಹೇಳಿದವರ ಹೆಸರು, ಅವರ ಊರು, ಅವರ ಬಾಳೇವು ಹ್ಯಾಂಗಿತ್ತು ಅನ್ನೋದೂ ಬರದಿಟ್ಟ. ಒಬ್ಬ ಶಾಲಿ ಮಾಸ್ತರ ಮುದಕೀರ ಮುಂದ ವಿದ್ಯಾರ್ಥಿ ಆಗಿ ಕುಂತ. ನಮ್ಮಲ್ಲಿ ಒಂಬತ್ತು ವರ್ಷದ ಕೂಸಿಗಿ ಆಯಿ ಕಥಿ ಬ್ಯಾಡ ಅಂತಾರ.

ಈ ಮಾತು ಕಟ್ಟಿ ಮ್ಯಾಲ ಆಡಿದಾಗ ಮೂರು ಉತ್ತರ ಬಂದವು. ಒಂದೊಂದೇ ತಗೋತೀನಿ.

ಮೊದಲ್ನೇದು, "ಪುಸ್ತಕದ ಭಾಷಾ ಕಲಿಲಿಲ್ಲ ಅಂದ್ರ ಮಕ್ಕಳು ಮುಂದ ಬರಲ್ಲ." ಖರೇ ಅದ. ಕಲಿಲಿ, ಬ್ಯಾಡ ಅಂದವರು ಯಾರು? ನಮ್ಮ ಕುಂಚಾವರಂದಾಗ ಕೂಸು ಅಂಗಳದಾಗ ಕನ್ನಡ ಆಡ್ತದ, ಸಂತ್ಯಾಗ ತೆಲುಗು ಆಡ್ತದ, ತಾಂಡಾದ ಗೆಳತಿ ಜೋಡಿ ಲಂಬಾಣಿ ಎರಡು ಮಾತು ಆಡ್ತದ, ಟೇಲರ್ ಅಂಗಡ್ಯಾಗ ಉರ್ದು ಆಡ್ತದ. ನಾಲ್ಕು ಮಾತು ಹೊಟ್ಟ್ಯಾಗ ಇಟ್ಕೊಂಡ ಕೂಸಿಗಿ ಐದನೇದು ಭಾರ ಆಗಲ್ಲ. ಐದನೇದು ಬರಬೇಕಂದ್ರ ಮೊದಲ್ನೇದು ಬಿಡಬೇಕು ಅನ್ನೋ ಲೆಕ್ಕ ಯಾರು ಮಾಡಿದ್ರು?

ಎರಡನೇದು ನನ್ನ ಸೊಸಿದು. ಅಕಿ ಶಾಣ್ಯಾ ಇದ್ದಾಳ, ಅಕಿ ಮಾತು ತಗದಿಡಲಿಕ್ಕಾಗಲ್ಲ. "ಅತ್ತಿ, ನಮ್ಮ ಕಥಿಯೊಳಗ ಹೊಡಿಯೋದು, ಕಡಿಯೋದು, ರಾಕ್ಷಸಿ ಮಕ್ಕಳಿಗಿ ತಿನ್ನೋದು ಇರ್ತದ. ಮಕ್ಕಳು ಹೆದರ್ತಾವ. ಇಂಗ್ಲಿಷ್ ಕಥಿ ಎಲ್ಲಾ ಛಂದ ಮುಗೀತಾವ" ಅಂತಾಳ. ತಾಯಿ, ಅವು ಟಿವ್ಯಾಗ ಛಂದ ಮುಗೀತಾವ. ಪುಸ್ತಕದಾಗ ಓದು. ಆ ಕಡ್ಡಿಪೆಟ್ಟಿಗಿ ಹುಡುಗಿ ಕಥಿ ಕಡಿಗಿ ಏನಾಗ್ತದ? ಹೊಸ ವರ್ಷದ ಹಿಂದಿನ ರಾತ್ರಿ ಬರಿಗಾಲಿನಾಗ ಬೀದಿಗಿ ಕುಂತು, ಒಂದೊಂದೇ ಕಡ್ಡಿ ಕೊರದು, ಸತ್ತ ತನ್ನ ಆಯಿ ಮುಖ ಕಂಡು, ಚಳಿಗಿ ಸತ್ತೇ ಹೋಗ್ತದ ಆ ಕೂಸು. 1837ರಾಗ ಬರದ ಮತ್ಸ್ಯಕನ್ಯೆ ಕಥಿ ಇನ್ನೂ ಕಠಿಣ. ಮನಷ್ಯಾಳ ಕಾಲು ಬೇಕು ಅಂತ ಅಕಿ ನಾಲಿಗಿ ಕತ್ತರಿಸಿ ಕೊಡ್ತಾಳ. ಹೆಜ್ಜಿ ಇಟ್ಟಾಗೊಮ್ಮಿ ಚೂರಿ ಮ್ಯಾಲ ನಡದಂಗ ಆಗ್ತದ. ಅಷ್ಟಾದ್ರೂ ರಾಜಕುಮಾರ ಇನ್ನೊಬ್ಬಾಕಿಗಿ ಮದಿವಿ ಆಗ್ತಾನ, ಯಾಕಂದ್ರ ಖರೇ ಏನು ಅಂತ ಹೇಳಲಿಕ್ಕ ಇಕಿಗಿ ಬಾಯೇ ಇಲ್ಲ. ಹಂಗಿದ್ದ ಕಥಿ ಕೂಸಿಗಿ ನಡೀತದ, ಸೆಗಣಿ ಮನಿ ಹರದು ಹೋದ್ರ ನಡಿಯಲ್ಲಾ?

ಮೂರನೇದು ನನಗ ಖರೇನೇ ಚುಚ್ಚಿತು. "ನಮ್ಮ ಕಥಿಯೊಳಗ ಬಂಜಿ ಅಂತ ಬೈತಾರ, ಕರ್ರಗಿದ್ದಾಕಿ ಕೆಟ್ಟಾಕಿ ಆಗ್ತಾಳ, ಮಲತಾಯಿ ಅಂದ್ರ ವಿಷನೇ. ಇಂಥದ್ದು ಮಗಳಿಗಿ ಯಾಕ ಹೇಳಬೇಕು?" ಅಂತ ಒಬ್ಬ ತಂಗಿ ಕೇಳಿದ್ಳು. ಇದಕ್ಕ ನಾ ಸುಳ್ಳು ಉತ್ತರ ಕೊಡಲ್ಲ. ಹಂಗ ಅವ, ನಾನೂ ಕೇಳೀನಿ. ಮಕ್ಕಳಿಲ್ಲದ ನಮ್ಮ ನೆಗೆಣ್ಣಿ ಮಗ್ಗಲದಾಗ ಕುಂತಾಗ ಅಂಥ ಕಥಿ ಕೇಳಿ ನನ್ನ ಹೊಟ್ಟಿ ಉರದದ. ಆದ್ರ ಬಾಯಿಂದ ಹೇಳೋ ಕಥಿ ಕಲ್ಲಿನಾಗ ಕೊರದ ಶಾಸನ ಅಲ್ಲ. ಹೇಳಾಕಿ ಬದಲಾದ್ರ ಕಥಿ ಬದಲಾಗ್ತದ. ನಮ್ಮವ್ವ ಬಂಜಿ ಅನ್ನೋ ಶಬ್ದ ಬಿಟ್ಟು "ದೇವರು ಇನ್ನೂ ಕಣ್ಣು ತಗಿಯಲಾರದಾಕಿ" ಅಂತ ಹೇಳ್ತಿದ್ಳು. ಯಾರೂ ಕಲಿಸಿರಲಿಲ್ಲ, ಮಗ್ಗಲದಾಗ ಯಾರು ಕುಂತಾರ ಅಂತ ನೋಡಿ ಹೇಳ್ತಿದ್ಳು. ಪುಸ್ತಕ, ಫೋನು ಮಗ್ಗಲದಾಗ ಯಾರು ಕುಂತಾರ ಅಂತ ನೋಡಲ್ಲ. ಕೆಟ್ಟ ಮಾತು ಅದ ಅಂದ್ರ ಆ ಮಾತು ಬಿಡೋಣು. ಇಡೀ ಕಥಿ ಯಾಕ ಬಿಡಬೇಕು? ಹುಳಾ ಬಿತ್ತು ಅಂತ ಜ್ವಾಳದ ಚೀಲ ತಿಪ್ಪಿಗಿ ಹಾಕ್ತೀವೇನು? ಹಸನ ಮಾಡಿ ರೊಟ್ಟಿ ಬಡೀತೀವಿ.

ನಮ್ಮ ಕನ್ನಡದಾಗೂ ಆ ಮಾಸ್ತರನಂಥವರು ಆಗಿ ಹೋಗ್ಯಾರ. ಮಗ್ಗಲ ವಿಜಯಪುರ ಜಿಲ್ಲಾ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬೀಸೋ-ಕುಟ್ಟೋ ಹಾಡು ಕೂಡಿಸಿ 1931ರಾಗ ಗರತಿಯ ಹಾಡು ಅಂತ ಪುಸ್ತಕ ತಂದ್ರು. ಮೈಸೂರಾಗ ಹುಟ್ಟಿದ ಎ.ಕೆ. ರಾಮಾನುಜನ್ ಬೆಳಗಾವಿ ಕಾಲೇಜಿನಾಗ ಮಾಸ್ತರ ಇದ್ದಾಗ ನಮ್ಮಂಥ ಹೆಣ್ಣುಮಕ್ಕಳ ಹತ್ರ ಕಥಿ ಕೇಳಿ ಬರಕೊಂಡ್ರು. ಹೂವಿನ ಗಿಡ ಆಗೋ ಹುಡುಗಿ ಕಥಿ ಅವರ ಕಡಿಂದಲೇ ದುನಿಯಾಕ್ಕೆಲ್ಲಾ ಗೊತ್ತಾಯ್ತು. ಗಿರೀಶ ಕಾರ್ನಾಡರು ಅದನ್ನೇ ಚೆಲುವಿ ಅಂತ ಸಿನಿಮಾ ಮಾಡಿದ್ರು. 2011ರಾಗ ಹಾವೇರಿ ಜಿಲ್ಲಾ ಗೊಟಗೋಡಿಯಾಗ ಜಾನಪದಕ್ಕಂತನೇ ವಿಶ್ವವಿದ್ಯಾಲಯ ಆಗ್ಯದ. ಅಲ್ಲಿ ಓದಿದ್ರ ಇದೇ ಆಯಿ ಕಥಿಗಿ ಡಾಕ್ಟರ್ ಪದವಿ ಕೊಡ್ತಾರ. ನಾಲ್ಕನೇತ್ತದಾಗ ಹೇಳಿದ್ರ ಮಾರ್ಕ್ಸ್ ಕಡಿತಾರ. ಇದು ಯಾವ ನ್ಯಾಯ ನೀವೇ ಹೇಳ್ರಿ.

ರಾಮಾನುಜನ್ ಬರಕೊಂಡ ಒಂದು ಕಥಿ ನಿಮಗ ಹೇಳಲೇಬೇಕು, ಹೂಂ ಅನ್ರಿ. ಒಬ್ಬ ಹೆಣ್ಣುಮಗಳಿಗಿ ಒಂದು ಕಥಿ, ಒಂದು ಹಾಡು ಬರ್ತಿತ್ತು. ಅಕಿ ಯಾರಿಗೂ ಹೇಳಲಿಲ್ಲ. ಹೊಟ್ಟ್ಯಾಗ ಕುಂತ ಕಥಿಗಿ, ಹಾಡಿಗಿ ಉಸರು ಕಟ್ಟಿತು. ಒಂದಿನ ಅಕಿ ಬಾಯಿ ತಕ್ಕೊಂಡು ಮಲಗಿದ್ದಾಗ ಹೊರಗ ಬಂದು, ಕಥಿ ಒಂದು ಜೋಡಿ ಜೋಡು ಆಗಿ ಬಾಗಿಲದಾಗ ಕುಂತಿತು, ಹಾಡು ಗಂಡಸಿನ ಕೋಟು ಆಗಿ ಗೂಟಕ್ಕ ತೂಗಾಡ್ತು. ಗಂಡ ಬಂದು ನೋಡಿ ಯಾರು ಬಂದಾರ ಅಂದ. ಯಾರಿಲ್ಲ ಅಂದ್ಳು. ನಂಬಲಿಲ್ಲ. ಜಗಳ ಆಡಿ ಕಂಬಳಿ ತಗೊಂಡು ಹಣಮಪ್ಪನ ಗುಡಿಗಿ ಮಲಗಲಿಕ್ಕ ಹೋದ. ಊರಾಗ ಆರಿದ ದೀಪದ ಕುಡಿಗಳೆಲ್ಲಾ ರಾತ್ರಿ ಆ ಗುಡ್ಯಾಗ ಕೂಡಿ ಹರಟಿ ಹೊಡೀತಿದ್ದವು. ಅವರ ಮನಿ ದೀಪ ತಡಾ ಮಾಡಿ ಬಂತು, ಆಗಿದ್ದೆಲ್ಲಾ ಹೇಳಿತು. ಗಂಡ ಕೇಳಿಸ್ಕೊಂಡು ಮನಿಗಿ ಓಡಿ ಬಂದು "ಆ ಕಥಿ ಹೇಳು, ಆ ಹಾಡು ಹಾಡು" ಅಂದ. ಅಕಿ ಅಂದ್ಳು, "ಯಾವ ಕಥಿ? ಯಾವ ಹಾಡು?" ಅಕಿಗಿ ಎರಡೂ ಮರ್ತೇ ಹೋಗಿದ್ದವು.

ಇದನ್ನ ಓದಿದ ದಿನ ನಾ ಅಡಗಿ ಮನ್ಯಾಗ ಕುಂತು ಅತ್ತೀನಿ. ಯಾಕಂದ್ರ ಆ ಹೆಣ್ಣುಮಗಳು ನಾನೇ. ಈಗ ಶಾಲಿಗಿ ಬೈಲತ್ತೀನಲ್ಲ, ಇಪ್ಪತ್ತು ವರ್ಷದ ಹಿಂದ ಅದೇ ಮಾತು ನಾ ನಮ್ಮವ್ವಗ ಅಂದೀನಿ. ಅಕಿ ನನ್ನ ಮಗಗ ಏಳು ಮಂದಿ ಅಣ್ಣಂದಿರ ತಂಗಿ ಕಥಿ ಹೇಳ್ಲತ್ತಿದ್ಳು. ಮರುದಿನ ಪರೀಕ್ಷಾ ಇತ್ತು. "ಅವ್ವಾ, ಸುಮ್ಮ ಕೂಡು, ಹುಡುಗನ ಮಾತು ಕೆಡಿಸಬ್ಯಾಡ" ಅಂದೆ. ಸುಮ್ಮ ಕುಂತಳು. ಮತ್ತ ನನ್ನ ಮನ್ಯಾಗ ಕಥಿ ಹೇಳಲಿಲ್ಲ. ಅಕಿ ಹೋಗಿ ಎಂಟು ವರ್ಷ ಆಯ್ತು.

ಆ ಕಥಿ ನನಗ ಅರ್ಧನೇ ನೆನಪದ. ಅಣ್ಣಂದಿರು ದೇಶಾಂತರ ಹೋಗ್ತಾರ. ಏಳು ಮಂದಿ ವೈನಿಗೋಳು ಆ ಹುಡುಗಿಗಿ ತೂತು ಬಿದ್ದ ಕೊಡ ಕೊಟ್ಟು ನೀರು ತಾ ಅಂತಾರ. ಬಾವಿ ದಂಡಿಗಿ ಕುಂತು ಅಳ್ತಾಳ. ಕಪ್ಪಿಗೋಳು ಬಂದು ತೂತಿಗಿ ಅಡ್ಡ ಕುಂತು ಕೊಡ ತುಂಬಿಸ್ತಾವ. ಅಲ್ಲಿ ತನಕ ಅವ್ವನ ದನಿ ಕಿವ್ಯಾಗ ಅದ. ಮುಂದ ಏನಾಯ್ತು, ಅಣ್ಣಂದಿರು ಯಾವಾಗ ಬಂದ್ರು, ಹುಡುಗಿ ಏನು ಹೇಳಿದ್ಳು, ಒಂದೂ ನೆನಪಿಲ್ಲ. ಆಂಡರ್ಸನ್‌ಂದೂ ಒಂದು ಅಣ್ಣ-ತಂಗಿ ಕಥಿ ಅದ, 1838ರದ್ದು. ಹನ್ನೊಂದು ಮಂದಿ ಅಣ್ಣಂದಿರು ಹಂಸ ಆಗ್ತಾರ, ತಂಗಿ ಒಂದು ಮಾತೂ ಆಡಲಾರದೆ ತುರಚಿ ಸೊಪ್ಪಿನ ನಾರಿನಿಂದ ಅವರಿಗಿ ಅಂಗಿ ಮಾಡ್ತಾಳ. ಅದರ ಕೊನಿ ಗೊತ್ತದ, ಪುಸ್ತಕದಾಗ ಅದ. ನಮ್ಮವ್ವನ ಕಥಿ ಕೊನಿ ಯಾವ ಪುಸ್ತಕದಾಗ ಹುಡುಕಲಿ?

ಅದಕ್ಕ ನಿಮ್ಮೆಲ್ಲರಿಗೂ ಕೈ ಮುಗದು ಹೇಳ್ತೀನಿ. ಮನ್ಯಾಗ ಅತ್ತಿ, ಆಯಿ, ಮುತ್ಯಾ ಇನ್ನೂ ಇದ್ರ ಈ ಎಳ್ಳಮಾಸಿ ಒಳಗ ಒಂದು ಕಥಿ ಹೇಳಿಸ್ರಿ. ಫೋನಿನಾಗ ದನಿ ಹಿಡಿರಿ. ಹೇಳಿದವರ ಹೆಸರು, ತವರೂರು, ಅವರಿಗಿ ಯಾರು ಹೇಳಿದ್ರು ಅನ್ನೋದೂ ಹೇಳಿಸ್ರಿ. ಮಕ್ಕಳಿಗಿ ಮಗ್ಗಲ ಕೂಡ್ಸಿ ಹೂಂ ಅನಸ್ರಿ, ಹೂಂ ಅನ್ನೋರಿಲ್ಲ ಅಂದ್ರ ಮುದಕೇರು ಕಥಿ ಅರ್ಧಕ್ಕ ನಿಲ್ಲಸ್ತಾರ. ಶಾಲಿ ಮಾಸ್ತರಗೋಳು, ಅಕ್ಕೋರು ಯಾರರೆ ಓದ್ಲತ್ತಿದ್ರ ಅವರಿಗೂ ಒಂದು ಮಾತು: ಕಡ್ಡಿಪೆಟ್ಟಿಗಿ ಹುಡುಗಿನೂ ಇರಲಿ, ಕಾಗಿ-ಗುಬ್ಬಿನೂ ಇರಲಿ. ಎರಡಕ್ಕೂ ಒಂದೇ ತಕ್ಕಡಿ ಹಿಡಿರಿ.

ಮಗ್ಗಲ ಮನಿ ಆಯಿ ಹತ್ರ ನಾ ನಿನ್ನಿ ಸಂಜಿಕಿ ಹೋಗಿದ್ದೆ, ಹುಡುಗಿಗೂ ಕರಕೊಂಡು ಕುಂತೆ. ಮೊದಲು "ಏ ಬಿಡವ್ವ, ನನ್ನ ಕಥಿ ಏನದ" ಅಂದ್ಳು. ನಾ ಹೂಂ ಅಂದೆ. ಇನ್ನೊಮ್ಮಿ ಹೂಂ ಅಂದೆ. ಮೂರನೇ ಸಲ ಹುಡುಗಿ ಹೂಂ ಅಂತು. ಆಗ ಸುರು ಮಾಡಿದ್ಳು.

ತೂತು ಕೊಡದ ಕಥಿ ಅಕಿಗಿ ಬರಲ್ಲಂತ. ನಿಮ್ಮೊಳಗ ಯಾರಿಗರೆ ಅದರ ಕೊನಿ ಬರ್ತಿದ್ರ, ಚಿಂಚೋಳಿ ಇರಲಿ, ಸೇಡಂ ಇರಲಿ, ತಾಂಡೂರ ಕಡಿ ಕೊಟ್ಟ ಹೆಣ್ಣುಮಕ್ಕಳು ಇರಲಿ, ನನಗ ತಿಳಸ್ರಿ. ಯಾವ ಮಾತಿನಾಗ ಹೇಳಿದ್ರೂ ನಡೀತದ.