ಅತ್ತಿ ಮರ ಒಂದೇ ಮರ ಅಲ್ಲ

ಪಾರ್ಕಿಂಗ್‌ಗೆ ಜಾಗ ಬೇಕು ಅಂದ ಕೂಡಲೇ ಕ್ಯಾಂಪಸ್‌ಗಳಲ್ಲಿ ಕಣ್ಣು ಬೀಳೋದು ಅತ್ತಿ ಮರದ ಮೇಲೆ. ಹಣ್ಣು ಉದುರಿ ಬೈಕ್ ಸೀಟು ಅಂಟಾಗುತ್ತೆ, ಬಿಡಿಸಿದ್ರೆ ಒಳಗೆ ಬರೀ ಹುಳ, ಗಲೀಜು ಜಾಸ್ತಿ. ಇದು ಅದರ ಮೇಲಿರುವ ಆರೋಪ. ‘ಒಂದು ಕಡಿದ್ರೆ ಹತ್ತು ಗಿಡ ನೆಡೋಣ’ ಅನ್ನೋದು ಪರಿಹಾರ. ಈ ಲೆಕ್ಕವೇ ತಪ್ಪು ಅಂತ ನಮ್ಮ ವಾದ.

ಮೊದಲು ಆ ‘ಹುಳ’ದ ವಿಷಯ. ಅತ್ತಿಕಾಯಿ ನಿಜವಾಗಿ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ನೂರಾರು ಪುಟ್ಟ ಹೂಗಳು ಒಳಗೇ ಅರಳುತ್ತವೆ. ಅಲ್ಲಿಗೆ ಜೇನುನೊಣ ಹೋಗಲಾರದು. ಕೆಲವೇ ಮಿಲಿಮೀಟರ್ ಉದ್ದದ ಒಂದು ಜಾತಿಯ ಕಣಜ ಕಾಯಿಯ ತುದಿಯ ಸಣ್ಣ ತೂತಿನಿಂದ ನುಗ್ಗುತ್ತೆ. ನುಗ್ಗುವಾಗ ರೆಕ್ಕೆ ಮುರಿಯುತ್ತೆ. ತಂದ ಪರಾಗ ಹೂಗಳಿಗೆ ತಲುಪಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತೆ. ವಾರಗಳ ನಂತರ ಒಳಗೆ ಹುಟ್ಟಿದ ರೆಕ್ಕೆಯಿಲ್ಲದ ಗಂಡುಗಳು ಹೊರದಾರಿ ಕೊರೆಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ.

ಹಾರಿದ ಹೆಣ್ಣಿಗೆ ಉಳಿದಿರೋ ಆಯಸ್ಸು ಒಂದೆರಡು ದಿನ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯೋದ್ರಿಂದ ಅದಕ್ಕೆ ಬೇರೆ ಅತ್ತಿ ಮರವೇ ಬೇಕು, ಅದೂ ಎಳೆಕಾಯಿ ಇರುವಂಥದ್ದು. ಅಂದ್ರೆ ಊರಿನ ಅತ್ತಿ ಮರಗಳೆಲ್ಲ ಸೇರಿ ಒಂದು ನೆಟ್‌ವರ್ಕ್. ಯಾವುದೋ ಒಂದು ನೋಡ್ ಸದಾ ಆನ್ ಇರಬೇಕು. ಈಗ ನೆಟ್ಟ ಗಿಡ ಕಾಯಿ ಬಿಡೋಕೆ ವರ್ಷಗಳು ಬೇಕು. ನೆಟ್ಟಿದ್ದು ಗುಲ್‌ಮೊಹರ್ ಆದ್ರೆ ಈ ಕಣಜಕ್ಕೆ ಅದು ಇದ್ದೂ ಇಲ್ಲದ ಹಾಗೆ.

‘ನಮಗೇನು ಉಪಯೋಗ’ ಅನ್ನೋ ಎಂಜಿನಿಯರ್ ಗೆಳೆಯರಿಗೂ ಉತ್ತರ ಇದೇ ಮರದಲ್ಲಿದೆ. ಇನ್ನೊಂದು ಪರಾವಲಂಬಿ ಕಣಜ ಹೊರಗೆ ಕೂತೇ, ಕೂದಲಿಗಿಂತ ತೆಳ್ಳಗಿನ ಸೂಜಿಯಿಂದ ಗಟ್ಟಿ ಕಾಯಿಯನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತೆ. ಸೂಜಿ ಬಾಗಿದರೂ ಮುರಿಯಲ್ಲ. ಅದರ ತುದಿಯಲ್ಲಿ ಹಲ್ಲುಗಳೂ ಸತುವೂ ಇರೋದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಡ್ರಿಲ್ ಡಿಸೈನ್‌ಗೆ ಇದಕ್ಕಿಂತ ಹತ್ತಿರದ ಕೇಸ್ ಸ್ಟಡಿ ಬೇಕಾ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪಾರ್ಕಿಂಗ್ ಪ್ಲಾನ್‌ನಲ್ಲಿ ಅತ್ತಿ ಮರದ ನೆರಳಿನಷ್ಟು ಜಾಗ ಬಿಟ್ಟು ಗೆರೆ ಎಳೆಯಲಿ. ಉದುರಿದ ಹಣ್ಣನ್ನು ಬುಡಕ್ಕೇ ಗುಡಿಸಿದ್ರೆ ಗೊಬ್ಬರ ಆಗುತ್ತೆ. ಉಳಿದದ್ದನ್ನು ರಾತ್ರಿ ಬಾವಲಿ, ಹಗಲು ಕೋಗಿಲೆ, ಅಳಿಲು ನೋಡಿಕೊಳ್ಳುತ್ತವೆ. ಬೈಕ್‌ಗಳನ್ನು ನಾಲ್ಕು ಮೀಟರ್ ಆಚೆ ನಿಲ್ಲಿಸೋಕೆ ನಾವು ತಯಾರು.