ಹಸುವಿನ ಮಂಡಿ ಎಲ್ಲಿದೆ?

ಕೊಟ್ಟಿಗೆಯಲ್ಲಿ ನಿಂತ ಹಸುವಿನ ಹಿಂಗಾಲನ್ನು ಪಕ್ಕದಿಂದ ನೋಡಿ. ಕಾಲಿನ ನಡುವೆ ಒಂದು ಕೀಲು ಹಿಂದಕ್ಕೆ ಚಾಚಿಕೊಂಡಿದೆ. ಹಸುವಿನ ಮಂಡಿ ತಿರುಗುಮುರುಗು ಎಂದು ನಂಬಿದವರು ಬಹಳ. ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಇನ್ನೂ ಮೇಲೆ, ಹೊಟ್ಟೆಯ ಅಂಚಿನ ಹತ್ತಿರವಿದೆ; ಅದಕ್ಕೂ ಚಿಪ್ಪಿದೆ, ಮಡಚುವುದೂ ನಮ್ಮದರಂತೆಯೇ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದೋ, ಮಣಿಕಟ್ಟು! ಅಲ್ಲಿಗೆ ಹಸು ಬೆರಳ ತುದಿಯಲ್ಲಿ, ಉಗುರೂರಿ ನಿಂತ ಪ್ರಾಣಿ. ಸೀಳುಗೊರಸು ಅದರ ಮೂರನೆಯ ಮತ್ತು ನಾಲ್ಕನೆಯ ಬೆರಳು. ಕುದುರೆಗೆ ಉಳಿದದ್ದು ನಡುಬೆರಳೊಂದೇ; ಲಾಳ ಹೊಡೆಯುವುದು ಅದರ ಉಗುರಿಗೆ.

ಪಶುವೈದ್ಯ ವಿದ್ಯಾರ್ಥಿ ಹಸು, ಕುದುರೆ, ನಾಯಿ, ಹಂದಿ, ಕೋಳಿ ಎಲ್ಲವನ್ನೂ ಕಲಿಯಬೇಕು. ಒಂದೊಂದನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡುತ್ತ ಕೂತರೆ ಆಯಸ್ಸು ಸಾಲದು. ಹಾಗಾಗಿ ಒಂದು ದೇಹವನ್ನು ಚೆನ್ನಾಗಿ ಅರಿತು, ಮಿಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಾರೆ. ದಾರಿ ಹಳೆಯದು: 1555ರಲ್ಲೇ ಫ್ರಾನ್ಸಿನ ಪಿಯೇರ್ ಬೆಲೋನ್ ಮನುಷ್ಯನ ಮತ್ತು ಹಕ್ಕಿಯ ಅಸ್ಥಿಪಂಜರಗಳನ್ನು ಎದುರುಬದುರಾಗಿ ಅಚ್ಚು ಹಾಕಿಸಿ, ಎಲುಬಿಗೆ ಎಲುಬು ಹೊಂದಿಸಿ ತೋರಿಸಿದ್ದ.

ಹೋಲಿಕೆಯ ಉಪಯೋಗವನ್ನು ನೀವೇ ಪರೀಕ್ಷಿಸಬಹುದು. ಎಡ ಮೊಣಕೈಯ ಕೆಳಗೆ ಬಲಗೈಯಿಂದ ಹಿಡಿದುಕೊಂಡು ಎಡಗೈ ಬೆರಳಾಡಿಸಿ. ಮಾಂಸ ಅಲುಗುವುದು ಮೇಲೆ, ಬೆರಳಿಗೆ ಬರುವುದು ಬರೀ ಸ್ನಾಯುರಜ್ಜು. ಕುದುರೆಯದೂ ಇದೇ ಏರ್ಪಾಡು. ಮಣಿಕಟ್ಟಿನಿಂದ ಕೆಳಗೆ ಅದಕ್ಕೆ ಮಾಂಸವಿಲ್ಲವೆಂದೇ ಹೇಳಬಹುದು. ಪಂದ್ಯದ ಕುದುರೆ ಕುಂಟಿದಾಗ ವೈದ್ಯರ ಬೆರಳು ಮೊದಲು ಆ ರಜ್ಜುಗಳನ್ನು ತಡವುವುದು ಇದಕ್ಕೇ.

ಹೋಲಿಕೆಯನ್ನೇ ನಂಬಿ ಕೂತರೂ ಕೆಡುಕು. ಕುದುರೆಯೂ ಹುಲ್ಲು ತಿನ್ನುತ್ತದೆ, ಹಸುವೂ ತಿನ್ನುತ್ತದೆ. ಆದರೆ ಕುದುರೆಗೆ ಪಿತ್ತಕೋಶವಿಲ್ಲ, ಮೆಲುಕು ಹಾಕುವ ಜಠರವೂ ಇಲ್ಲ. ಅದರ ಹುಲ್ಲು ಕೊಳೆಯುವುದು ಹಿಂದೆ, ದೊಡ್ಡ ಕರುಳಿನಲ್ಲಿ. ಹಸುವಿಗೆ ಮುಂದೆಯೇ ನಾಲ್ಕು ಕೋಣೆಯ ಜಠರ. ಆತುರಾತುರವಾಗಿ ನುಂಗುವ ಹಸು ಮೇವಿನೊಡನೆ ಮೊಳೆ, ತಂತಿಯನ್ನೂ ನುಂಗಿಬಿಡುತ್ತದೆ. ಭಾರದ ವಸ್ತು ಹೋಗಿ ಕೂರುವುದು ಜೇನುಗೂಡಿನಂಥ ಒಳಮೈಯ ಎರಡನೆಯ ಕೋಣೆಯಲ್ಲಿ. ಅದರ ಮುಂದೆ ತೆಳ್ಳಗಿನ ವಪೆ, ವಪೆಯಾಚೆಗೆ ಹೃದಯ. ಜಠರ ಹಿಂಡಿದಾಗ ಮೊಳೆ ಮುಂದಕ್ಕೆ ಚುಚ್ಚಿದರೆ ಹೃದಯದ ಚೀಲ ಕೀವು ಕಟ್ಟುತ್ತದೆ. ಹಾಗಾಗಬಾರದೆಂದು ಕೆಲವೆಡೆ ಹಸುವಿಗೆ ಬೆರಳುದ್ದದ ಅಯಸ್ಕಾಂತ ನುಂಗಿಸುವುದುಂಟು. ಅದೂ ಅದೇ ಕೋಣೆಗೆ ಇಳಿದು, ಬಂದ ಮೊಳೆಗಳನ್ನು ಹಿಡಿದುಕೊಂಡು ಅಲ್ಲೇ ಬಿದ್ದಿರುತ್ತದೆ.