ಹಲ್ಲು, ಕಡಲೆ ಮತ್ತು ಧ್ವನಿಪೆಟ್ಟಿಗೆ

ಕನ್ನಡದ ಮೇಷ್ಟರನ್ನು ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು ಬಗೆಯವು: ಮಗುವಿಗೆ ಯಾವ ಹೆಸರಿಡಬೇಕು, ಲಗ್ನಪತ್ರಿಕೆಯ ಒಕ್ಕಣೆ ಹೇಗಿರಬೇಕು, ಅಂಗಡಿಯ ಫಲಕದಲ್ಲಿ ಬರೆಯತಕ್ಕದ್ದು ಶಕಾರವೋ ಷಕಾರವೋ. ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. “ಸ್ವಾಮೀ, ಕಂಪ್ಯೂಟರಿನಲ್ಲಿ ಹಾಡು ಮುದ್ರಿಸಿಕೊಳ್ಳುವುದಕ್ಕೆ ನಂಬಿಕಸ್ತವಾದ ಸೌಂಡ್ ಕಾರ್ಡು ಯಾವುದು?” ಎದುರು ಮನೆಯಲ್ಲಿ ಸಂಗೀತ ಪಾಠ ಹೇಳುವ ತಾಯಿ ಕೇಳಿದರು, ಪಾಡ್‌ಕಾಸ್ಟ್ ಆರಂಭಿಸಹೊರಟಿರುವ ನನ್ನ ವಿದ್ಯಾರ್ಥಿಯೊಬ್ಬನು ಕೇಳಿದನು, ಮಗಳ ಹುಟ್ಟುಹಬ್ಬಕ್ಕೆ ಅದನ್ನೇ ಉಡುಗೊರೆಯಾಗಿ ಕೊಡಬೇಕೆಂದಿರುವ ಹಾಲಿನ ಬೂತಿನವರೂ ಕೇಳಿದರು. ನಾನು ಇಂಜಿನಿಯರನಲ್ಲ. ಆದರೆ ಈ ವ್ಯವಹಾರದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಆ ಕಥೆ ಬೀದಿಗೆಲ್ಲ ಗೊತ್ತು.

ನಮ್ಮ ಮಾವನವರು ಹಾಸನದ ಕಡೆಯ ನಿವೃತ್ತ ಉಪಾಧ್ಯಾಯರು. ವಯಸ್ಸು 81. ಕುಮಾರವ್ಯಾಸ ಭಾರತವನ್ನು ಗಮಕದಲ್ಲಿ ವಾಚಿಸುವುದು ಅವರಿಗೆ ತಂದೆಯಿಂದ ಬಂದ ಆಸ್ತಿ. ಯಾವ ಸಂದರ್ಭಕ್ಕೆ ಯಾವ ರಾಗ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಳೆಯಬೇಕು ಎಂಬುದೆಲ್ಲ ಅವರ ಕಂಠದಲ್ಲಿರುವುದೇ ಹೊರತು ಯಾವ ಪುಸ್ತಕದಲ್ಲಿಯೂ ಬರೆದಿಟ್ಟುದಲ್ಲ. ಕಳೆದ ವರ್ಷ ಶ್ರಾವಣದಲ್ಲಿ ಅವರು ನಮ್ಮಲ್ಲಿಗೆ ಬಂದು ತಿಂಗಳೊಪ್ಪತ್ತು ಇದ್ದಾಗ ನನ್ನ ಶ್ರೀಮತಿ, “ರೀ, ಅಪ್ಪನ ಓದನ್ನು ಹಿಡಿದಿಟ್ಟುಕೊಳ್ಳೋಣ” ಎಂದಳು. ಫೋನಿನಲ್ಲಿಯೇ ಹಿಡಿಯಬಹುದಿತ್ತು. ಆದರೆ ಫೋನೆಂಬುದು ಮಾತಾಡುವವರಿಗಾಗಿ ಹುಟ್ಟಿದ ಯಂತ್ರ. ದನಿ ಇಳಿದರೆ ತಾನೇ ಏರಿಸುವುದು, ಏರಿದರೆ ತಾನೇ ತಗ್ಗಿಸುವುದು. ಸ್ವರವು ಸಣ್ಣಗೆ ಕರಗುತ್ತ ಹೋಗುವ ಕಡೆಯಲ್ಲಿ ಅದಕ್ಕೆ ರಸಜ್ಞತೆ ಸಾಲದು. ಆದುದರಿಂದ ನಾನು ಒಂದು ಮೈಕನ್ನೂ ಒಂದು ಪೆಟ್ಟಿಗೆಯನ್ನೂ ತರಿಸಿದೆ.

ಸೌಂಡ್ ಕಾರ್ಡು ಎಂಬ ಹೆಸರು ಉಳಿದಿದೆಯಾದರೂ ಈಗ ಕೊಳ್ಳುವ ಪದಾರ್ಥ ಕಾರ್ಡಲ್ಲ. ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯವರು 1989ರಲ್ಲಿ ಹೊರತಂದ ಸೌಂಡ್ ಬ್ಲಾಸ್ಟರ್ ಮುಂತಾದುವು ನಿಜವಾಗಿಯೂ ಕಾರ್ಡುಗಳು. ಕಂಪ್ಯೂಟರಿನ ಹೊಟ್ಟೆಯೊಳಗೆ ಕುಳಿತು, ಮುಖ್ಯವಾಗಿ ಆಟಗಳ ಸದ್ದನ್ನು ಹೊರಡಿಸುತ್ತಿದ್ದುವು. ಹಾಡು ಹಿಡಿಯುವವರಿಗೆ ಇಂದು ಬೇಕಾದುದು ಯುಎಸ್‌ಬಿ ತಂತಿಯಿಂದ ಹೊರಗೆ ಜೋಡಿಸುವ ಪುಟ್ಟ ಪೆಟ್ಟಿಗೆ. ಅಂಗಡಿಯವರು ಅದನ್ನು ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಧ್ವನಿಪೆಟ್ಟಿಗೆ ಎಂದರೆ ನಮ್ಮ ಕನ್ನಡದಲ್ಲಿ ಗಂಟಲಿನ ಒಂದು ಅಂಗವಾದೀತು. ಆದರೂ ಆ ಪದ ಇಲ್ಲಿಗೆ ಚೆನ್ನಾಗಿ ಒಪ್ಪುವುದರಿಂದ ಅದನ್ನೇ ಬಳಸುತ್ತೇನೆ.

ನಾನು ತರಿಸಿದ ಪೆಟ್ಟಿಗೆಯ ಹೆಸರು ಹೇಳುವುದಿಲ್ಲ. ಬೆಲೆ ಬಹಳ ಕಡಿಮೆ. ಡಬ್ಬದ ಮೇಲಿನ ಅಂಕಿಗಳು ಬಹಳ ದೊಡ್ಡವು. ಸೆಕೆಂಡಿಗೆ 1,92,000 ಸಾರಿ ದನಿಯನ್ನು ಅಳೆಯುವುದಾಗಿ ಅದು ಸಾರುತ್ತಿತ್ತು. ಮಾವನವರು ಮೂರು ಮುಂಜಾನೆ ಕುಳಿತು ಉದ್ಯೋಗಪರ್ವದಿಂದ ಎರಡು ಗಂಟೆಯಷ್ಟು ವಾಚಿಸಿದರು. ಸಂಜೆ ಎಲ್ಲರೂ ಕುಳಿತು ಕೇಳತೊಡಗಿದೆವು. ನಡುನಡುವೆ ‘ಟಿಕ್’ ಎಂದು ಸಣ್ಣ ಸದ್ದು. ಮಾವನವರು ಕಣ್ಣು ಮುಚ್ಚಿ ಬೆರಳು ಎಣಿಸುತ್ತಿದ್ದವರು ಥಟ್ಟನೆ ಕಣ್ತೆರೆದು, “ಅಳಿಯಂದಿರೇ, ನಾರಣಪ್ಪ ಈ ಸಾಲನ್ನು ಹದಿಮೂರು ಮಾತ್ರೆಗೆ ನಿಲ್ಲಿಸಿರಲಿಲ್ಲವಲ್ಲ!” ಎಂದರು.

ಭಾಮಿನೀ ಷಟ್ಪದಿಯ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕರಂತೆ ಹದಿನಾಲ್ಕು ಮಾತ್ರೆಗಳಿರುವುದನ್ನು ಪ್ರತಿವರ್ಷವೂ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವವನು ನಾನು. ನನ್ನ ಯಂತ್ರವೇ ಒಂದು ಲಘುವನ್ನು ನುಂಗಿಬಿಟ್ಟಿತ್ತು! ಕಂಪ್ಯೂಟರಿನ ಪರದೆಯ ಮೇಲೆ ಹುಡುಕಿದಾಗ ಅಂಥ ತೂತುಗಳು 11 ಸಿಕ್ಕಿದುವು. ಒಂದೆರಡು ಕಡೆ ಅಕ್ಷರವೇ ಮಾಯ. ಉಳಿದೆಡೆ ಅಕ್ಷರದ ಮೊದಲ ಚೂರು ಮಾತ್ರ ಹೋಗಿತ್ತು. ಆದರೆ ತಕಾರ ದಕಾರಗಳ ಭೇದವೆಲ್ಲ ಇರುವುದು ಆ ಚೂರಿನಲ್ಲಿಯೇ, ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳ ಅಂತರದಲ್ಲಿ.

ಇದೇಕಾಯಿತೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ತಿಳಿದ ಮೇಲೆ ವಿಷಯ ನಮ್ಮ ಬಚ್ಚಲುಮನೆಯಷ್ಟು ಪರಿಚಿತವಾಗಿ ತೋರಿತು. ನಲ್ಲಿಯಿಂದ ನೀರು ಎಡೆಬಿಡದೆ ಬಕೆಟ್ಟಿಗೆ ಬೀಳುತ್ತಿದೆಯೆನ್ನಿ. ತುಂಬಿದಾಗಲೆಲ್ಲ ಮನೆಯಾಳು ಬಂದು ಬಕೆಟ್ಟನ್ನು ಡ್ರಮ್ಮಿಗೆ ಸುರಿಯಬೇಕು. ಅವನು ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ತಡಮಾಡಿದರೆ ನೀರು ಉಕ್ಕಿ ಚರಂಡಿಗೆ ಹೋಗುವುದು. ದನಿಯೇ ನೀರು, ಬಕೆಟ್ಟಿಗೆ ಬಫರ್ ಎಂದು ಹೆಸರು, ಹೊರುವ ಆಳಿಗೆ ಡ್ರೈವರ್ ಎಂದು ಹೆಸರು. ಈ ಡ್ರೈವರ್ ಎಂಬುದು ಕಣ್ಣಿಗೆ ಕಾಣದ ತಂತ್ರಾಂಶ. ಕಂಪ್ಯೂಟರು ಅದೇ ಹೊತ್ತಿನಲ್ಲಿ ವೈಫೈ ನೋಡಿಕೊಳ್ಳುತ್ತದೆ, ಹೊಸ ಅಪ್‌ಡೇಟು ಇಳಿಸಿಕೊಳ್ಳುತ್ತದೆ. ಗದ್ದಲದ ನಡುವೆ ಆಳು ಮೈಗಳ್ಳನಾದರೆ ದನಿ ಚೆಲ್ಲಿತು. ಚೆಲ್ಲಿದುದನ್ನು ಯಾವ ವಿದ್ಯೆಯಿಂದಲೂ ಬಾಚಿಕೊಳ್ಳಲಾಗದು.

ಹಾಗಾದರೆ ದೊಡ್ಡ ಬಕೆಟ್ಟನ್ನೇ ಇಟ್ಟರಾಯಿತಲ್ಲ ಎಂದು ಗೃಹಿಣಿಯರು ಕೇಳಿಯಾರು. ಇಡಬಹುದು. ಸೆಕೆಂಡಿಗೆ 48,000 ಅಳತೆಗಳ ಲೆಕ್ಕದಲ್ಲಿ 256 ಅಳತೆ ಹಿಡಿಯುವ ಬಫರು ಸೆಕೆಂಡಿನ ಸಾವಿರದಲ್ಲಿ ಸುಮಾರು 5 ಭಾಗದಲ್ಲಿ ತುಂಬಿಬಿಡುತ್ತದೆ. 1,024ರದು ತುಂಬಲು 21 ಭಾಗ ಬೇಕು. ಬಕೆಟ್ಟು ದೊಡ್ಡದಾದಷ್ಟೂ ಚೆಲ್ಲುವ ಭಯ ಕಡಿಮೆ, ಆದರೆ ದನಿ ಡ್ರಮ್ಮು ಮುಟ್ಟುವುದು ತಡ. ಹಾಡುವವರು ಕಂಪ್ಯೂಟರಿನ ಮೂಲಕ ಬಂದ ತಮ್ಮ ದನಿಯನ್ನೇ ಕಿವಿಗಿಟ್ಟುಕೊಂಡು ಕೇಳುತ್ತಿದ್ದರೆ ಈ ತಡದಿಂದ ತಾಳ ತಪ್ಪುವರು. ಇದಕ್ಕೆ ಪರಿಹಾರವಾಗಿ ಒಳ್ಳೆಯ ಪೆಟ್ಟಿಗೆಗಳಲ್ಲಿ ಮೈಕಿನ ದನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರವಾಗಿ ಕಿವಿಗೆ ಕೊಡುವ ಒಂದು ಗುಂಡಿ ಇರುತ್ತದೆ. ಅದು ಇದ್ದರೆ ಧಾರಾಳವಾಗಿ ದೊಡ್ಡ ಬಕೆಟ್ಟಿಡಿ.

ಡಬ್ಬದ ಮೇಲಿನ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಮನುಷ್ಯನ ಕಿವಿಗೆ ಕೇಳಿಸುವುದೆಲ್ಲ ಸೆಕೆಂಡಿಗೆ 44,100 ಅಳತೆಗಳಲ್ಲಿಯೇ ಅಡಗುವುದು. ಸಿಡಿ ತಟ್ಟೆಗಳೆಲ್ಲ ಆ ಲೆಕ್ಕದವು. 48,000 ಇದ್ದರೆ ಯಥೇಚ್ಛ. 24 ಬಿಟ್ ಎಂಬುದು ಮಾತ್ರ ಬೇಕಾದ ಗುಣ: ದನಿಯ ಮಟ್ಟವನ್ನು ಕೊಂಚ ಕೆಳಗಿಟ್ಟು ಹಿಡಿದರೂ ಸೂಕ್ಷ್ಮ ಕೆಡುವುದಿಲ್ಲ, ಭೀಮನು ಏಕಾಏಕಿ ಗರ್ಜಿಸಿದರೂ ಒಡೆಯುವುದಿಲ್ಲ. ಆ ಲೆಕ್ಕದಲ್ಲಿ ಒಂದು ಮೈಕಿನ ದನಿ ಗಂಟೆಗೆ ಸುಮಾರು 520 ಮೆಗಾಬೈಟು ಜಾಗ ತಿನ್ನುತ್ತದೆ. ನಿಮ್ಮದು ಕಂಡೆನ್ಸರ್ ಮೈಕಾದರೆ ಪೆಟ್ಟಿಗೆ ಅದಕ್ಕೆ 48 ವೋಲ್ಟು ಒದಗಿಸಬೇಕು, ಅದನ್ನು ವಿಚಾರಿಸಿಕೊಳ್ಳಿ.

ಮುಖ್ಯವಾಗಿ ವಿಚಾರಿಸಬೇಕಾದುದು ಆ ಆಳಿನ ವಿಷಯ. ರಾಜಾಜಿನಗರದಲ್ಲಿ ನನ್ನ ಪರಿಚಯದ ಹಿರಿಯರೊಬ್ಬರು ಮೂವತ್ತು ವರ್ಷಗಳಿಂದ ಮನೆಯಲ್ಲಿಯೇ ಧ್ವನಿಮುದ್ರಣ ಮಾಡುತ್ತ ಬಂದವರು. ಒಂದು ಬೀರು ತೆರೆದು ತೋರಿಸಿದರು. ಒಳಗೆ ಸಾಲಾಗಿ ಕಾರ್ಡುಗಳು, ಪೆಟ್ಟಿಗೆಗಳು. “ಇವುಗಳಲ್ಲಿ ಒಂದೂ ಕೆಟ್ಟಿಲ್ಲ ಮೇಷ್ಟ್ರೇ, ಎಲ್ಲ ನಿರಪರಾಧಿಗಳು” ಎಂದರು. ಕೆಲವನ್ನು ಕೂರಿಸುವ ಸೀಳು ಹೊಸ ಕಂಪ್ಯೂಟರುಗಳಲ್ಲಿಲ್ಲ. ಕೆಲವು ಫೈರ್‌ವೈರ್ ಎಂಬ ತಂತಿಯವು, ಆ ತೂತೇ ಈಗ ಬರುವುದಿಲ್ಲ. ಇನ್ನುಳಿದುವು 2007ರಲ್ಲಿ ವಿಂಡೋಸ್ ವಿಸ್ತಾ ಬಂದು ದನಿಯ ವ್ಯವಸ್ಥೆಯನ್ನೇ ಬದಲಿಸಿದಾಗ ಹೊಸ ಡ್ರೈವರನ್ನು ಯಾರೂ ಬರೆಯದೆ ಅನಾಥವಾದುವು. ಅಷ್ಟು ಹಣ, ಅಷ್ಟು ಒಳ್ಳೆಯ ಲೋಹ! ನನಗೆ ಒಂದು ಕ್ಷಣ ನಮ್ಮ ಹಸ್ತಪ್ರತಿ ಭಂಡಾರಗಳ ತಾಳೆಗರಿಗಳು ನೆನಪಾದುವು. ಅವನ್ನಾದರೂ ಲಿಪಿ ಬಲ್ಲವರು ಓದಬಹುದು.

ಆ ಹಿರಿಯರ ಸಲಹೆ ಎರಡೇ. ಪೆಟ್ಟಿಗೆ ಮಾಡಿದವರು ತಮ್ಮ ಹಳೆಯ ಪೆಟ್ಟಿಗೆಗಳಿಗೆ ಇಂದಿಗೂ ಹೊಸ ಡ್ರೈವರು ಕೊಡುತ್ತಿರುವರೇ ಎಂದು ಅವರ ಇತಿಹಾಸ ನೋಡಬೇಕು. ಜರ್ಮನಿಯ ಆರ್‌ಎಂಇ ಸಂಸ್ಥೆಗೆ ಈ ವಿಷಯದಲ್ಲಿ ದೊಡ್ಡ ಹೆಸರಿದೆ, ಬೆಲೆಯೂ ದೊಡ್ಡದು. ಉಪನ್ಯಾಸಕನಿಗೆ ದೂರದಿಂದ ನಮಸ್ಕಾರ. ಎರಡನೆಯದಾಗಿ, ತಯಾರಕರ ಡ್ರೈವರೇ ಇಲ್ಲದಿದ್ದರೂ ಕಂಪ್ಯೂಟರಿನೊಳಗಿನ ಸಾಮಾನ್ಯ ಡ್ರೈವರಿನಿಂದ ನಡೆಯುವ ಪೆಟ್ಟಿಗೆಯನ್ನೇ ಆರಿಸಬೇಕು. ಇಂಥದಕ್ಕೆ ‘ಕ್ಲಾಸ್ ಕಂಪ್ಲಯಂಟ್’ ಎನ್ನುವರು. ಮ್ಯಾಕ್, ಲಿನಕ್ಸ್‌ಗಳಲ್ಲಿ ಈ ಅನುಕೂಲ ಬಹಳ ಹಿಂದಿನಿಂದ ಇದೆ. ವಿಂಡೋಸ್ 10ಕ್ಕೆ 2017ರಲ್ಲಿ ಪೂರ್ಣವಾಗಿ ಬಂತು. ಸಂಸ್ಥೆ ನಾಳೆ ಮುಚ್ಚಿದರೂ ಪೆಟ್ಟಿಗೆ ಬೀರು ಸೇರುವುದಿಲ್ಲ. ನಾನು ಎಸ್. ಪಿ. ರಸ್ತೆಗೆ ಹೋಗಿ ಕೊನೆಗೆ ಕೊಂಡುದು ಇಂಥದೊಂದು, ಎರಡು ಮೈಕಿನ ಸಾಧಾರಣ ಪೆಟ್ಟಿಗೆ.

ಕೊಂಡು ತಂದ ದಿನವೇ ಪರೀಕ್ಷಿಸಿದೆ. ಮನೆಯಲ್ಲಿ ವಿದ್ಯುತ್ ಶ್ರುತಿಪೆಟ್ಟಿಗೆಯಿದ್ದರೆ ಅದಕ್ಕಿಂತ ಒಳ್ಳೆಯ ಪರೀಕ್ಷಾಧಿಕಾರಿ ಇಲ್ಲ. (ಅದನ್ನು ಬಳಕೆಗೆ ತಂದವರು ಕೊಳಲು ವಿದ್ವಾಂಸರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್, ನಮ್ಮ ಬೆಂಗಳೂರಿನವರೇ.) ಮೈಕಿನ ಮುಂದೆ ಶ್ರುತಿಯನ್ನು ಹಚ್ಚಿಟ್ಟು, ಒಂದು ಗಂಟೆ ಎಡೆಬಿಡದೆ ಮುದ್ರಿಸಿ. ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಬೇಕೆಂದೇ ಬೇರೆ ಕೆಲಸಗಳನ್ನೂ ಹೇಳಿ. ಅನಂತರ ಕೇಳಿದರೆ ಅಖಂಡವಾದ ಆ ನಾದದಲ್ಲಿ ಒಂದು ತೂತಾದರೂ ಗುಂಡಿಯಂತೆ ಕಾಲಿಗೆ ಸಿಕ್ಕುವುದು. ಆದ ಕಾರಣ, ಹಿಂತಿರುಗಿಸಿಕೊಳ್ಳಲು ಒಪ್ಪುವ ಅಂಗಡಿಯಲ್ಲಿಯೇ ಕೊಳ್ಳಿ.

‘ಗುಂಯ್’ ಎನ್ನುವ ಸದ್ದು ಬಂದರೆ ಪೆಟ್ಟಿಗೆಯನ್ನು ಬೈಯುವ ಮೊದಲು ಗೋಡೆಯನ್ನು ನೋಡಿ. ನಮ್ಮ ಮನೆ ಹಳೆಯದು. ಕೋಣೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿರಲಿಲ್ಲ. ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿದೊಡನೆ ಗುಂಗು ನಿಂತಿತು.

ನಾನು ಹೀಗೆ ತಂತಿಗಳ ನಡುವೆ ಕುಳಿತಿದ್ದುದನ್ನು ಕಂಡು ಶ್ರೀಮತಿ ನಕ್ಕಳು. ಮನೆಯಲ್ಲಿ ಯಂತ್ರವಿಟ್ಟುಕೊಂಡು ದನಿಯ ಬೆನ್ನು ಹತ್ತಿದ ಮೇಷ್ಟರಲ್ಲಿ ನಾನೇ ಮೊದಲಿಗನಲ್ಲವೆಂದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟಿನ ಬಾನುಲಿ ನಿಲಯ ನಡೆಸಿದರು. 1955ರಲ್ಲಿ ಬೆಂಗಳೂರಿಗೆ ಬಂದ ಆಕಾಶವಾಣಿಯ ಬೇರು ಅಲ್ಲಿದೆ. “ಅವರು ಮೊದಲ ದಿನವೇ ಮಾತ್ರೆ ನುಂಗಿದ್ದರೇ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ.

ಪೆಟ್ಟಿಗೆ ಸಿದ್ಧವಾಯಿತು. ಆದರೆ ಈ ನಡುವೆ, ದೀಪಾವಳಿಯ ಹೊತ್ತಿಗೆ, ಮಾವನವರ ಮುಂದಿನ ಹಲ್ಲುಗಳನ್ನು ವೈದ್ಯರು ತೆಗೆಯಬೇಕಾಗಿ ಬಂದಿತ್ತು. ಕಟ್ಟಿಸಿಕೊಂಡ ಹಲ್ಲು ಊಟಕ್ಕೆ ಒದಗಿತು, ಸಕಾರಕ್ಕೆ ಒದಗಲಿಲ್ಲ. ದಂತ್ಯಾಕ್ಷರಗಳೆಲ್ಲ ಸಣ್ಣಗೆ ಸಿಳ್ಳು ಹಾಕತೊಡಗಿದುವು. ಆದರೂ ಅವರು ಮತ್ತೆ ಬಂದು, ಅದೇ ಸಂಧಿಗಳನ್ನು ಅದೇ ರಾಗಗಳಲ್ಲಿ ವಾಚಿಸಿದರು. ಒಂದು ತೂತಿಲ್ಲ, ಒಂದು ಗುಂಗಿಲ್ಲ. ಸಂಜೆ ಹಳೆಯದನ್ನೂ ಹೊಸದನ್ನೂ ಒಂದಾದಮೇಲೊಂದು ಕೇಳಿಸಿದೆ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, “ಗಾದೆ ಸರಿಯಾಗಿದೆ ಅಳಿಯಂದಿರೇ. ಹಲ್ಲಿದ್ದಾಗ ಕಡಲೆಯಿರಲಿಲ್ಲ. ಈಗ ಕಡಲೆ ಬಂದಿದೆ” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕರು, ಮನೆಯಲ್ಲಿ ಅವರು ಹಲ್ಲು ಕಟ್ಟಿಕೊಳ್ಳುವುದಿಲ್ಲ. ನನ್ನ ಶ್ರೀಮತಿ ಎದ್ದು ಒಳಗೆ ಹೋದಳು.

ಎರಡನ್ನೂ ಇಟ್ಟುಕೊಂಡಿದ್ದೇನೆ. ಬರುವ ಭಾನುವಾರದಿಂದ ವಿರಾಟಪರ್ವ. ಮಳೆ ತರಿಸುವ ಪರ್ವವೆಂದು ಅವರ ಊರಿನಲ್ಲಿ ಓದಿಸುತ್ತಿದ್ದುದು. ಬೆಳಗಿನ ಜಾವ ನಾಲ್ಕೂವರೆಗೆ, ಬೀದಿಯ ನಾಯಿಗಳು ಮಲಗಿ ಸ್ಕೂಟರುಗಳು ಇನ್ನೂ ಏಳದಿರುವಾಗ ಕೂರುವುದೆಂದು ಗೊತ್ತಾಗಿದೆ. ಫ್ರಿಜ್ಜನ್ನು ನಿಲ್ಲಿಸಿ, ಮುಗಿದ ಮೇಲೆ ಮರೆಯದೆ ಮತ್ತೆ ಹಾಕುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.